ಕಣ್ಣು ಚೆನ್ನಾಗಿಯೇ ಕಾಣುತ್ತಿರುವಾಗ ಅದರ ಹಿಂಭಾಗ ನೋಡುವುದೇಕೆ?

ಪ್ರಶ್ನೆ: ನನಗೆ 52 ವರ್ಷ. ಸಕ್ಕರೆ ಕಾಯಿಲೆ ಇದೆ ಎಂದು ತಿಳಿದು ಎಂಟು ವರ್ಷವಾಯಿತು, ಮಾತ್ರೆಯಿಂದ ಹತೋಟಿಯಲ್ಲಿದೆ. ಎರಡು ವರ್ಷಗಳಿಂದ ರಕ್ತದೊತ್ತಡಕ್ಕೂ ಒಂದು ಮಾತ್ರೆ ಸೇರಿಕೊಂಡಿದೆ. ಹೋದಾಗಲೆಲ್ಲ ವೈದ್ಯರು ‘ಫಂಡಸ್ ಪರೀಕ್ಷೆ ಮಾಡಿಸಿ’ ಎಂದು ಚೀಟಿಯಲ್ಲಿ ಬರೆಯುತ್ತಾರೆ, ನಾನು ಮುಂದೂಡುತ್ತ ಬಂದಿದ್ದೇನೆ. ಕನ್ನಡಕ ಹಾಕಿಕೊಂಡರೆ ಕೊನೆಯ ಸಾಲಿನ ಅಕ್ಷರವೂ ಕಾಣುತ್ತದೆ. ಕಳೆದ ತಿಂಗಳು ಕನ್ನಡಕ ಬದಲಿಸುವಾಗ ಯಂತ್ರದಲ್ಲಿ ನೋಡಿ ಎಲ್ಲ ಸರಿಯಿದೆ ಎಂದರು. ಹಾಗಿದ್ದೂ ಈ ಪರೀಕ್ಷೆ ಬೇಕೇ? ಔಷಧಿ ಹಾಕಿ ಕಣ್ಣಿನ ಪಾಪೆ ಹಿಗ್ಗಿಸುತ್ತಾರೆ ಎಂದು ಕೇಳಿ ಭಯವಾಗುತ್ತದೆ. ಬರೀ ಫೋಟೊ ತೆಗೆಸಿದರೆ ಸಾಲದೇ? ಕಣ್ಣಿನ ಫೋಟೊ ನೋಡಿ ಕಂಪ್ಯೂಟರ್ ಹೃದಯದ ಕಾಯಿಲೆಯನ್ನೂ ಹೇಳಿಬಿಡುತ್ತದೆ ಎಂದು ಮಗ ಹೇಳುತ್ತಾನೆ, ನಿಜವೇ? ಸಕ್ಕರೆ ಇಲ್ಲದ ನನ್ನ ತಂಗಿಯೂ ಮಾಡಿಸಬೇಕೇ?

ಉತ್ತರ: ಬೇಕು. ಫಂಡಸ್ ಎಂದರೆ ಕಣ್ಣಿನ ಒಳಗಿನ ಹಿಂಭಾಗ. ನಿಜ ಹೇಳಬೇಕೆಂದರೆ ಎಂಟು ವರ್ಷಗಳ ಹಿಂದೆ, ಸಕ್ಕರೆ ಇದೆ ಎಂದು ತಿಳಿದ ಹೊಸತರಲ್ಲೇ ನಿಮ್ಮ ಮೊದಲ ಪರೀಕ್ಷೆ ಆಗಬೇಕಿತ್ತು. ನಡುವಯಸ್ಸಿನಲ್ಲಿ ಬರುವ ಸಕ್ಕರೆ ಕಾಯಿಲೆ ಹೇಳಿ ಕೇಳಿ ಬರುವುದಿಲ್ಲ. ರಕ್ತಪರೀಕ್ಷೆಯಲ್ಲಿ ಸಿಕ್ಕಿಬೀಳುವ ಮೊದಲೇ ಎಷ್ಟೋ ಸಲ ಕೆಲವು ವರ್ಷ ಮೈಯೊಳಗೆ ಸದ್ದಿಲ್ಲದೆ ಇದ್ದಿರುತ್ತದೆ. ಅದಕ್ಕೇ ಕೆಲವರಲ್ಲಿ ಕಾಯಿಲೆ ಪತ್ತೆಯಾದ ವಾರವೇ ಕಣ್ಣಿನ ಹಿಂಭಾಗದಲ್ಲಿ ಅದರ ಗುರುತುಗಳು ಕಾಣುತ್ತವೆ. ನಿಮ್ಮಲ್ಲಿ ಏನೂ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರಿಗೆ ಮಾತ್ರ ಅಕ್ಷಿಪಟಲದಲ್ಲಿ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ತೆಳು ಪದರದಲ್ಲಿ, ಒಂದಲ್ಲ ಒಂದು ಹಂತದ ತೊಂದರೆ ಇರುತ್ತದೆ. ಆದರೆ ಆ ಮೂರನೆಯವರು ನೀವು ಅಲ್ಲ ಎಂದು ಹೇಳಲು ನಿಮ್ಮ ಕಣ್ಣು ಚೆನ್ನಾಗಿ ಕಾಣುತ್ತದೆ ಎಂಬ ಸಾಕ್ಷಿ ಸಾಲದು.

ಯಾಕೆ ಸಾಲದು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಪರೀಕ್ಷೆ ಮುಂದೂಡುವ ಎಲ್ಲರೂ ಕೊಡುವ ಕಾರಣ ಇದೇ. ಗೋಡೆಯ ಮೇಲಿನ ಅಕ್ಷರ ಓದುವಾಗ ನೀವು ಬಳಸುವುದು ಅಕ್ಷಿಪಟಲದ ನಟ್ಟನಡುವಿನ ಒಂದು ಚುಕ್ಕೆಯಷ್ಟು ಜಾಗವನ್ನು. ಅದರ ಅಗಲ ಸುಮಾರು ಒಂದೂವರೆ ಮಿಲಿಮೀಟರ್, ಅಂದರೆ ವಿಸ್ತೀರ್ಣ ಎರಡು ಚದರ ಮಿಲಿಮೀಟರಿಗೂ ಕಡಿಮೆ. ಅಕ್ಷಿಪಟಲದ ಒಟ್ಟು ವಿಸ್ತೀರ್ಣ ಸಾವಿರ ಚದರ ಮಿಲಿಮೀಟರಿಗೂ ಮೇಲೆ. ಉಳಿದಷ್ಟೂ ಜಾಗದಲ್ಲಿ ರಕ್ತ ಒಸರುತ್ತಿರಬಹುದು, ನಾಳಗಳು ಕಟ್ಟಿಕೊಂಡಿರಬಹುದು. ಆ ಒಂದು ಚುಕ್ಕೆ ಚೆನ್ನಾಗಿದ್ದರೆ ನೀವು ಕೊನೆಯ ಸಾಲನ್ನು ಸರಾಗವಾಗಿ ಓದುತ್ತೀರಿ. ಇನ್ನು ಕನ್ನಡಕದ ಅಂಗಡಿಯ ಯಂತ್ರ. ಬಣ್ಣದ ಚಿತ್ರವೊಂದನ್ನು ನೋಡಲು ಹೇಳಿ, ಅದನ್ನು ಒಮ್ಮೆ ಮಸುಕು, ಒಮ್ಮೆ ಸ್ಪಷ್ಟ ಮಾಡಿ, ಚೀಟಿಯೊಂದನ್ನು ಹೊರಹಾಕುವ ಆ ಯಂತ್ರ ಅಳೆಯುವುದು ನಿಮಗೆ ಎಷ್ಟು ನಂಬರಿನ ಗಾಜು ಬೇಕು ಎಂಬುದನ್ನು ಮಾತ್ರ. ಅದು ಅಕ್ಷಿಪಟಲದ ಆರೋಗ್ಯವನ್ನು ನೋಡುವುದೇ ಇಲ್ಲ. ‘ಎಲ್ಲ ಸರಿಯಿದೆ’ ಎಂದವರು ಸುಳ್ಳು ಹೇಳಲಿಲ್ಲ, ತಾವು ನೋಡಿದ್ದರ ಬಗ್ಗೆ ಹೇಳಿದರು ಅಷ್ಟೆ.

ಈಗ ಹಿಂಭಾಗಕ್ಕೆ ಬರೋಣ. ಪಾಪೆ ಎನ್ನುವುದು ಕಪ್ಪು ಬಣ್ಣದ ವಸ್ತುವಲ್ಲ, ಅದೊಂದು ತೂತು. ಒಳಗೆ ಬೆಳಕು ಹೋಗುತ್ತದೆ, ಅದರಲ್ಲಿ ಸ್ವಲ್ಪ ಹೊರಗೂ ಬರುತ್ತದೆ. ಹಾಗಿದ್ದರೂ ನಮಗೆ ಅದು ಕಪ್ಪಾಗಿಯೇ ಕಾಣುವುದಕ್ಕೆ ಕಾರಣ, ಒಳಹೊಕ್ಕ ಬೆಳಕು ಬಂದ ದಾರಿಯಲ್ಲೇ ದೀಪದ ಕಡೆಗೆ ಮರಳುತ್ತದೆ. ಅದನ್ನು ಹಿಡಿಯಬೇಕಾದರೆ ನಮ್ಮ ಕಣ್ಣನ್ನು ದೀಪ ಇರುವ ಜಾಗದಲ್ಲೇ ಇಡಬೇಕು. ಇಟ್ಟರೆ ನಮ್ಮ ತಲೆಯೇ ದೀಪಕ್ಕೆ ಅಡ್ಡ. ಈ ಗಂಟನ್ನು ಬಿಡಿಸಿದವರು ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್. 1850ರ ಕೊನೆಯಲ್ಲಿ ಅವರು ಗಾಜಿನ ತೆಳು ಬಿಲ್ಲೆಗಳನ್ನು ಓರೆಯಾಗಿ ಹಿಡಿದರು. ಪಕ್ಕದಲ್ಲಿಟ್ಟ ದೀಪದ ಬೆಳಕು ಗಾಜಿಗೆ ಬಡಿದು ರೋಗಿಯ ಕಣ್ಣೊಳಗೆ ಹೋಯಿತು. ಒಳಗಿನಿಂದ ಮರಳಿದ ಬೆಳಕು ಅದೇ ಗಾಜಿನ ಮೂಲಕ ನೋಡುವವರ ಕಣ್ಣಿಗೆ ಬಂತು. ಮರುವರ್ಷ ಅದರ ವಿವರ ಪ್ರಕಟವಾಯಿತು. ಅದಕ್ಕೂ ಮೊದಲು, ಹೊರಗಿನಿಂದ ಚೆನ್ನಾಗಿರುವ ಕಣ್ಣು ಕುರುಡಾದರೆ ಅದಕ್ಕೊಂದು ಗ್ರೀಕ್ ಹೆಸರಿಟ್ಟು ಸುಮ್ಮನಾಗುವುದಷ್ಟೇ ವೈದ್ಯರಿಗೆ ಉಳಿದಿದ್ದ ದಾರಿ. ರೋಗಿಗೂ ಏನೂ ಕಾಣದು, ವೈದ್ಯನಿಗೂ ಏನೂ ಕಾಣದು ಎಂದು ಅಂದಿನವರೇ ಅದನ್ನು ಆಡಿಕೊಳ್ಳುತ್ತಿದ್ದರು. ಇನ್ನೊಂದು ಸಂಗತಿ: 1847ರಲ್ಲೇ ಇಂಥದೇ ಉಪಕರಣವೊಂದನ್ನು ಮಾಡಿ ನೇತ್ರವೈದ್ಯರೊಬ್ಬರಿಗೆ ತೋರಿಸಿದ್ದವರು ಚಾರ್ಲ್ಸ್ ಬ್ಯಾಬೇಜ್, ಲೆಕ್ಕಮಾಡುವ ಯಂತ್ರಗಳ ಕನಸು ಕಂಡ ಅದೇ ಬ್ಯಾಬೇಜ್. ಆ ವೈದ್ಯರಿಗೆ ಅದರ ಬೆಲೆ ತಿಳಿಯಲಿಲ್ಲ. ನಿಮ್ಮ ಮಗನ ಪ್ರಶ್ನೆಗೆ ಬಂದಾಗ ಈ ಹೆಸರು ನೆನಪಿರಲಿ.

ಒಳಗೆ ಕಾಣುವುದೇನು? ಕಿತ್ತಳೆಗೆಂಪು ಬಯಲು. ಅದರ ಮೂಗಿನ ಕಡೆಗೆ ತಿಳಿಗುಲಾಬಿ ಬಣ್ಣದ ಒಂದು ದುಂಡು ತಟ್ಟೆ, ಒಂದೂವರೆ ಮಿಲಿಮೀಟರಿನಷ್ಟು ಅಗಲದ್ದು. ಅಕ್ಷಿಪಟಲದ ಸುಮಾರು ಹತ್ತು ಹನ್ನೆರಡು ಲಕ್ಷ ನರತಂತುಗಳು ಒಂದೆಡೆ ಸೇರಿ, ಹುರಿಗೊಂಡು ಮೆದುಳಿನತ್ತ ಹೊರಡುವ ಬಾಗಿಲು ಅದು, ದೃಷ್ಟಿನರದ ಆರಂಭ. ಅದೇ ಬಾಗಿಲಿನಿಂದ ರಕ್ತನಾಳಗಳು ಒಳಬಂದು ಮರದ ಕೊಂಬೆಗಳ ಹಾಗೆ ಕವಲೊಡೆಯುತ್ತವೆ. ಶುದ್ಧರಕ್ತದ ನಾಳಗಳು ತೆಳ್ಳಗೆ, ಹೊಳಪಾಗಿ; ಅಶುದ್ಧರಕ್ತದವು ದಪ್ಪಗೆ, ಕಪ್ಪುಗೆಂಪಾಗಿ. ಎರಡರ ಅಗಲದ ಅನುಪಾತ ಸುಮಾರು ಎರಡಕ್ಕೆ ಮೂರು. ತಟ್ಟೆಯಿಂದ ಕಿವಿಯ ಕಡೆಗೆ ಸ್ವಲ್ಪ ದೂರದಲ್ಲಿ, ದೊಡ್ಡ ನಾಳಗಳು ಬಳಸಿಕೊಂಡು ಹೋಗುವ ಕಡುಬಣ್ಣದ ಜಾಗವೇ ಮ್ಯಾಕ್ಯುಲಾ, ಅಕ್ಷರ ಓದುವ ಆ ಚುಕ್ಕೆಯ ಮನೆ. ಮೂವತ್ತು ವರ್ಷಗಳಿಂದ ದಿನವೂ ನೋಡುತ್ತಿದ್ದರೂ ನನಗೆ ಈ ನೋಟ ಹಳತಾಗಿಲ್ಲ. ಚಾಕು ಹಾಕದೆ, ಸೂಜಿ ಚುಚ್ಚದೆ ಜೀವಂತ ರಕ್ತನಾಳ ಮತ್ತು ನರವನ್ನು ಹೀಗೆ ನೇರವಾಗಿ ನೋಡಲು ಸಿಗುವ ಜಾಗ ಮೈಯಲ್ಲಿ ಬೇರೊಂದಿಲ್ಲ. ಅದೂ ಅಲ್ಲದೆ, ಅಕ್ಷಿಪಟಲ ಗರ್ಭದಲ್ಲಿ ಮೆದುಳಿನಿಂದಲೇ ಚಾಚಿ ಬೆಳೆದ ಭಾಗ. ನಿಮ್ಮ ವೈದ್ಯರು ಸಕ್ಕರೆ, ಬಿ.ಪಿ. ನೋಡುವವರಾಗಿದ್ದೂ ಕಣ್ಣಿನ ಪರೀಕ್ಷೆಗೆ ಬರೆಯುವುದು ಇದಕ್ಕೇ.

ಸಕ್ಕರೆ ಕಾಯಿಲೆ ಇಲ್ಲಿ ಮಾಡುವ ಕೆಲಸ ನಿಧಾನದ್ದು. ಕೂದಲಿಗಿಂತ ತೆಳುವಾದ ನಾಳಗಳ ಗೋಡೆಗೆ ಬಿಗಿ ಕೊಡುವ ಜೀವಕೋಶಗಳು ಮೊದಲು ಸಾಯುತ್ತವೆ. ಬಿಗಿ ತಪ್ಪಿದ ಕಡೆ ಗೋಡೆ ಉಬ್ಬುತ್ತದೆ, ಹಳೆಯ ಸೈಕಲ್ ಟ್ಯೂಬಿನಲ್ಲಿ ಅಲ್ಲಲ್ಲಿ ಗುಳ್ಳೆ ಏಳುವಂತೆ. ನಮ್ಮ ಲೆನ್ಸಿನಲ್ಲಿ ಅದು ಪೆನ್ನಿನ ತುದಿ ತಾಗಿಸಿದಂಥ ಕೆಂಪು ಚುಕ್ಕೆ. ಮೊದಲ ಗುರುತು ಇದು. ಆಮೇಲೆ ಆ ಉಬ್ಬುಗಳು ಜಿನುಗತೊಡಗುತ್ತವೆ. ಸೋರಿದ ಗೋಡೆಯಲ್ಲಿ ನೀರು ಆರಿದ ಮೇಲೆ ಉಪ್ಪಿನ ಗೆರೆ ಉಳಿಯುವುದಿಲ್ಲವೇ, ಹಾಗೆ ರಕ್ತದಿಂದ ಜಿನುಗಿದ ನೀರು ಹೀರಿಹೋದ ಮೇಲೆ ಕೊಬ್ಬಿನಂಶ ಹಳದಿ ಹರಳುಗಳ ಹಾಗೆ ಉಳಿಯುತ್ತದೆ. ಕೆಲವೆಡೆ ನಾಳ ಮುಚ್ಚಿಹೋಗಿ ನರತಂತುಗಳ ಪದರ ಊದಿಕೊಂಡು ಹತ್ತಿಯ ಉಂಡೆಯಂಥ ಬಿಳಿ ಮಚ್ಚೆ ಮೂಡುತ್ತದೆ. ಇಷ್ಟೆಲ್ಲ ಆಗುವಾಗ, ಮ್ಯಾಕ್ಯುಲಾದಲ್ಲಿ ನೀರು ತುಂಬದಿದ್ದರೆ, ರೋಗಿಗೆ ಏನೂ ಗೊತ್ತಾಗುವುದಿಲ್ಲ. ನೋವಿಲ್ಲ, ಕೆಂಪಿಲ್ಲ, ಮಸುಕಿಲ್ಲ.

ಮುಂದಿನ ಹಂತ ವಿಚಿತ್ರವಾದದ್ದು. ರಕ್ತ ಸಿಗದ ಅಕ್ಷಿಪಟಲ ಉಸಿರಿಗಾಗಿ ಕೂಗಿಡುತ್ತದೆ; ಹೊಸ ನಾಳ ಬೆಳೆಸು ಎಂಬ ರಾಸಾಯನಿಕ ಸಂದೇಶ ಕಳಿಸುತ್ತದೆ. ನಾಳಗಳೇನೋ ಬೆಳೆಯುತ್ತವೆ, ಆದರೆ ಕಳೆಯ ಹಾಗೆ: ಬೇಕಾದ ಕಡೆಗಲ್ಲ, ಕಣ್ಣಿನ ನಡುವಿನ ತಿಳಿಲೋಳೆಯ ಮೇಲ್ಮೈಗೆ ಹಬ್ಬುತ್ತವೆ. ಗೋಡೆ ಗಟ್ಟಿಯಿಲ್ಲದ ಅವು ಒಂದು ದಿನ ಒಡೆದು ಲೋಳೆಯೊಳಗೆ ರಕ್ತ ತುಂಬುತ್ತದೆ. ಆ ದಿನ ರೋಗಿ ನನ್ನೆದುರು ಕೂತು, ‘ನಿನ್ನೆ ರಾತ್ರಿ ಮಲಗುವವರೆಗೂ ಚೆನ್ನಾಗಿತ್ತು ಡಾಕ್ಟರೇ, ಬೆಳಿಗ್ಗೆ ಎದ್ದರೆ ಕಣ್ಣ ಮುಂದೆ ಕಪ್ಪು ಪರದೆ’ ಎನ್ನುತ್ತಾರೆ. ಅವರ ಮಟ್ಟಿಗೆ ಅದು ನಿಜ. ಆದರೆ ಆ ಕಣ್ಣು ಹಾಳಾಗಲು ಶುರುವಾಗಿ ಐದಾರು ವರ್ಷವಾದರೂ ಆಗಿರುತ್ತದೆ. ಹೊಸ ನಾಳಗಳು ಒಡೆಯುವ ಮೊದಲೇ ಕಂಡರೆ ಲೇಸರಿನಿಂದ ಅವನ್ನು ಬಾಡಿಸಬಹುದು. ಹಾಗೆ ಮಾಡಿದರೆ ತೀವ್ರ ದೃಷ್ಟಿನಾಶ ಅರ್ಧದಷ್ಟಾದರೂ ತಗ್ಗುತ್ತದೆ ಎಂಬುದು 1970ರ ದಶಕದ ದೊಡ್ಡ ಪ್ರಯೋಗದಲ್ಲೇ ಸಾಬೀತಾಗಿದೆ. ಈಗ ಆ ರಾಸಾಯನಿಕ ಸಂದೇಶವನ್ನೇ ತಡೆಯುವ ಚುಚ್ಚುಮದ್ದುಗಳೂ ಇವೆ. ಈ ಚಿಕಿತ್ಸೆಗಳೆಲ್ಲ ಇರುವ ದೃಷ್ಟಿಯನ್ನು ಕಾಪಾಡುವುದರಲ್ಲಿ ಗಟ್ಟಿಗರು. ಹೋದದ್ದನ್ನು ಮರಳಿ ತರುವುದರಲ್ಲಿ ಅಷ್ಟಲ್ಲ. ‘ಕಾಣದಿದ್ದಾಗ ಬರುತ್ತೇನೆ’ ಎನ್ನುವವರ ಲೆಕ್ಕ ತಪ್ಪುವುದು ಇಲ್ಲೇ.

‘ಸಕ್ಕರೆ ಹತೋಟಿಯಲ್ಲಿದೆ’ ಎಂದು ಬರೆದಿದ್ದೀರಿ. ಒಳ್ಳೆಯದು, ಅದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಆದರೆ ಎಷ್ಟು ವರ್ಷದಿಂದ ಸಕ್ಕರೆ ಇದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ, ರಕ್ತದೊತ್ತಡ ಜೊತೆಗೂಡಿದರೆ ಅದೂ ಬರುತ್ತದೆ. ಇನ್ನೊಂದು ಸೂಕ್ಷ್ಮ: ಬಹುಕಾಲ ಏರಿದ್ದ ಸಕ್ಕರೆಯನ್ನು ಕೆಲವೇ ತಿಂಗಳಲ್ಲಿ ಸರ್ರನೆ ಇಳಿಸಿದಾಗ, ಆಗಲೇ ಅಕ್ಷಿಪಟಲದ ತೊಂದರೆ ಇರುವ ಕೆಲವರಲ್ಲಿ ಅದು ತಾತ್ಕಾಲಿಕವಾಗಿ ಹೆಚ್ಚುತ್ತದೆ. ಇಳಿಸಬಾರದು ಎಂದಲ್ಲ, ಇಳಿಸುವ ಮುನ್ನ ಕಣ್ಣು ನೋಡಿಸಿಕೊಂಡಿರಬೇಕು. ಮೊದಲೇ ಸಕ್ಕರೆ ಕಾಯಿಲೆ ಇದ್ದು ಗರ್ಭಿಣಿಯಾದವರಿಗೂ ಇದೇ ಮಾತು, ಮೊದಲ ಮೂರು ತಿಂಗಳಲ್ಲೇ ಒಮ್ಮೆ ನೋಡಿಸಬೇಕು.

ರಕ್ತದೊತ್ತಡದ ಕಥೆ ಬೇರೆ. ಅದು ಚುಕ್ಕೆಗಳಿಗಿಂತ ಮೊದಲು ನಾಳಗಳ ಆಕಾರದಲ್ಲಿ ಕಾಣುತ್ತದೆ. ಶುದ್ಧರಕ್ತದ ನಾಳಗಳು ಸಣ್ಣಗಾಗುತ್ತವೆ, ಗೋಡೆ ದಪ್ಪಗಾಗಿ ತಾಮ್ರದ ತಂತಿಯ ಹಾಗೆ ಹೊಳೆಯುತ್ತವೆ. ಎರಡು ಬಗೆಯ ನಾಳಗಳು ಒಂದನ್ನೊಂದು ದಾಟುವ ಕಡೆ ಅವಕ್ಕೆ ಒಂದೇ ಹೊದಿಕೆ. ಮೇಲಿನದು ಗಡುಸಾದರೆ ಕೆಳಗಿನದನ್ನು ಅದುಮುತ್ತದೆ, ಪೈಪಿನ ಮೇಲೆ ಕಾಲಿಟ್ಟಂತೆ. ಆ ಅದುಮಿದ ಜಾಗದಲ್ಲೇ ಮುಂದೊಂದು ದಿನ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುವುದುಂಟು. 1939ರಲ್ಲಿ ಕೀತ್, ವ್ಯಾಗನರ್, ಬಾರ್ಕರ್ ಎಂಬ ಮೂವರು ಈ ಬದಲಾವಣೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು. ನಾಲ್ಕನೆಯ ದರ್ಜೆಯಲ್ಲಿ, ಅಂದರೆ ನರದ ತಟ್ಟೆಯೂ ಊದಿಕೊಂಡವರಲ್ಲಿ, ಬಹುಪಾಲು ಜನ ಒಂದು ವರ್ಷ ಬದುಕಲಿಲ್ಲ; ಆಗ ಒತ್ತಡ ಇಳಿಸುವ ಒಳ್ಳೆಯ ಔಷಧಿಗಳೇ ಇರಲಿಲ್ಲ. ಇಂದು ಅಂಥ ನೋಟ ಕಂಡರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಸೇರಿಸಿ ಒತ್ತಡ ಇಳಿಸುತ್ತೇವೆ, ಬಹಳ ಜನ ಚೇತರಿಸಿಕೊಳ್ಳುತ್ತಾರೆ. ಹಾಗೆಂದು ವರದಿಯಲ್ಲಿ ‘ಗ್ರೇಡ್ 1’ ಎಂದು ಕಂಡರೆ ನಿದ್ದೆ ಕೆಡಿಸಿಕೊಳ್ಳಬೇಡಿ. ಒಂದನೆಯ ಮತ್ತು ಎರಡನೆಯ ದರ್ಜೆಯ ನಡುವಿನ ಗೆರೆ ಎಷ್ಟು ತೆಳು ಎಂದರೆ, ಒಂದೇ ಕಣ್ಣಿಗೆ ಇಬ್ಬರು ವೈದ್ಯರು ಬೇರೆ ಬೇರೆ ದರ್ಜೆ ಬರೆಯುವುದು ಅಪರೂಪವೇನಲ್ಲ. ರಕ್ತ ಒಸರಿದ ಗುರುತು, ಹತ್ತಿ ಮಚ್ಚೆ, ನರದ ಊತ ಇವು ಇದ್ದರೆ ಮಾತ್ರ ಅದು ಗಂಭೀರ.

ನರದ ಊತ ಎಂದಾಗ ಒಬ್ಬ ಹುಡುಗನ ನೆನಪಾಗುತ್ತದೆ. ಕಾಲೇಜಿನಲ್ಲಿ ಓದುತ್ತಿದ್ದವನು. ಎರಡು ತಿಂಗಳಿಂದ ತಲೆನೋವು, ಬೆಳಗಿನ ಹೊತ್ತು ಹೆಚ್ಚು. ಕನ್ನಡಕದ ನಂಬರು ಬದಲಾಗಿರಬೇಕು ಎಂದು ಮನೆಯವರು ಕರೆತಂದಿದ್ದರು. ಎರಡೂ ಕಣ್ಣಿನಲ್ಲಿ ಕೊನೆಯ ಸಾಲು ತಪ್ಪಿಲ್ಲದೆ ಓದಿದ. ಕಾಯುವ ಸಾಲು ಉದ್ದವಿತ್ತು, ನಂಬರು ಬರೆದು ಕಳಿಸಿಬಿಡಬಹುದಿತ್ತು. ಔಷಧಿ ಹಾಕಿ ನೋಡಿದರೆ ಎರಡೂ ತಟ್ಟೆಗಳ ಅಂಚು ಕರಗಿಹೋಗಿತ್ತು, ತಟ್ಟೆಗಳು ಮುಂದಕ್ಕೆ ಉಬ್ಬಿದ್ದವು. ಮೆದುಳನ್ನು ಸುತ್ತುವರಿದ ದ್ರವ ದೃಷ್ಟಿನರದ ಹೊದಿಕೆಯೊಳಗೂ ಬರುತ್ತದೆ. ತಲೆಬುರುಡೆಯೊಳಗೆ ಒತ್ತಡ ಏರಿದರೆ ಅದು ಕಣ್ಣಿನ ಹಿಂಬದಿಯವರೆಗೂ ಬಂದು ನರವನ್ನು ಹಿಂಡುತ್ತದೆ. ಅಂದೇ ಸ್ಕ್ಯಾನ್‌ಗೆ ಕಳಿಸಿದೆವು. ಹುಡುಗನಿಗೆ ಇದ್ದದ್ದು ಗೆಡ್ಡೆಯಲ್ಲ, ಮೆದುಳಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತ. ಚಿಕಿತ್ಸೆ ಸಿಕ್ಕಿತು, ದೃಷ್ಟಿ ಉಳಿಯಿತು. ಗೆಡ್ಡೆಯೂ ಆಗಿರಬಹುದಿತ್ತು. ಈ ಊತದ ಮೊದಲ ದಿನಗಳಲ್ಲಿ ದೃಷ್ಟಿ ಪೂರ್ತಿ ಚೆನ್ನಾಗಿರುತ್ತದೆ ಎನ್ನುವುದೇ ಇದರ ಮೋಸ.

ಅದೇ ತಟ್ಟೆ ಗ್ಲಾಕೋಮಾದ, ಅಂದರೆ ದೃಷ್ಟಿನರ ನಿಧಾನವಾಗಿ ಸಾಯುವ ಕಾಯಿಲೆಯ, ಸುಳಿವನ್ನೂ ಕೊಡುತ್ತದೆ. ತಟ್ಟೆಯ ನಡುವೆ ಎಲ್ಲರಿಗೂ ಒಂದು ಸಣ್ಣ ಗುಳಿ ಇರುತ್ತದೆ. ನರತಂತುಗಳು ಸಾಯುತ್ತ ಹೋದಂತೆ ಗುಳಿ ಅಗಲವಾಗಿ ಅಂಚು ತೆಳುವಾಗುತ್ತದೆ. ಗುಳಿ ತಟ್ಟೆಯ ಅಗಲದ ಶೇ 60ಕ್ಕಿಂತ ದೊಡ್ಡದಾಗಿದ್ದರೆ, ಇಲ್ಲವೇ ಎರಡು ಕಣ್ಣುಗಳ ನಡುವೆ ಎದ್ದುಕಾಣುವ ವ್ಯತ್ಯಾಸವಿದ್ದರೆ ನಾವು ಕಿವಿ ನಿಮಿರಿಸುತ್ತೇವೆ. ಕಣ್ಣಿನೊಳಗಿನ ಒತ್ತಡ ಅಳೆದರೆ ಸಾಕು ಎಂಬ ನಂಬಿಕೆ ಬಹಳ ಜನರಲ್ಲಿದೆ. ಸಾಲದು. ಒತ್ತಡ ಮಾಮೂಲಿಯಾಗಿದ್ದೂ ಗ್ಲಾಕೋಮಾ ಇರುವವರು ಕಡಿಮೆಯೇನಿಲ್ಲ. ಇದು ಮೊದಲು ತಿನ್ನುವುದು ಅಂಚಿನ ನೋಟವನ್ನು. ಅಕ್ಷರ ಓದುವುದು ಕೊನೆಯವರೆಗೂ ಉಳಿಯುತ್ತದೆ. ಹಾಗಾಗಿ ಇಲ್ಲೂ ಕೊನೆಯ ಸಾಲು ಓದಿದ ಸಮಾಧಾನ ಪೊಳ್ಳು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಮಧ್ಯೆ ಬಿಳಿಚುಕ್ಕೆಯಿರುವ ರಕ್ತಸ್ರಾವಗಳು ಹೃದಯದ ಕವಾಟದ ಸೋಂಕನ್ನೋ ರಕ್ತದ ಕ್ಯಾನ್ಸರನ್ನೋ ಸೂಚಿಸಬಹುದು. ಮೈತುಂಬ ಹರಡಿದ ಕ್ಷಯ ಅಕ್ಷಿಪಟಲದ ಹಿಂದಿನ ಪದರದಲ್ಲಿ ಹಳದಿ ಗಂಟುಗಳಾಗಿ ಕಾಣುವುದುಂಟು. ಸ್ತನ ಮತ್ತು ಶ್ವಾಸಕೋಶದ ಕ್ಯಾನ್ಸರ್ ಕಣ್ಣಿಗೂ ಹರಡಬಲ್ಲವು. ಸಂಧಿವಾತಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಆ ಔಷಧಿಯೇ ಮ್ಯಾಕ್ಯುಲಾವನ್ನು ಕೆಡಿಸಬಹುದಾದ್ದರಿಂದ, ಶುರುಮಾಡಿದ ಮೊದಲ ವರ್ಷದಲ್ಲಿ ಒಮ್ಮೆ, ಐದು ವರ್ಷ ದಾಟಿದ ಮೇಲೆ ಪ್ರತಿವರ್ಷ ನೋಡಬೇಕು. ಆದರೆ ಕಣ್ಣು ಎಲ್ಲವನ್ನೂ ಹೇಳುವ ಪಂಚಾಂಗವಲ್ಲ. ಪಾಪೆಯ ಸುತ್ತಲಿನ ಕಂದು ವರ್ತುಲದ ಗೆರೆಗಳನ್ನು ನೋಡಿ ಯಕೃತ್ತು, ಮೂತ್ರಪಿಂಡ, ಹೊಟ್ಟೆಯ ದೋಷ ಹೇಳುತ್ತೇವೆ ಎನ್ನುವವರಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದನ್ನು ಪರೀಕ್ಷಿಸಿ ನೋಡಿದಾಗಲೆಲ್ಲ ಸೋತಿದೆ.

ಈಗ ನಿಮ್ಮ ಮಗನ ಮಾತು. ಅವನು ಹೇಳಿದ್ದರಲ್ಲಿ ಸತ್ಯವಿದೆ, ಸ್ವಲ್ಪ ಉತ್ಸಾಹ ಬೆರೆತಿದೆ. 2018ರಲ್ಲಿ ಗೂಗಲ್‌ನ ಸಂಶೋಧಕರು ಸುಮಾರು 2.84 ಲಕ್ಷ ಜನರ ಅಕ್ಷಿಪಟಲದ ಚಿತ್ರಗಳಿಂದ ಕಂಪ್ಯೂಟರಿಗೆ ತರಬೇತಿ ಕೊಟ್ಟು ಒಂದು ಅಧ್ಯಯನ ಪ್ರಕಟಿಸಿದರು. ಅದು ಚಿತ್ರ ನೋಡಿ ವ್ಯಕ್ತಿಯ ವಯಸ್ಸನ್ನು ಸರಾಸರಿ ಮೂರು ವರ್ಷ ಚಿಲ್ಲರೆಯ ವ್ಯತ್ಯಾಸದಲ್ಲಿ ಹೇಳಿತು. ಕಣ್ಣು ಗಂಡಸಿನದೋ ಹೆಂಗಸಿನದೋ ಎಂಬುದನ್ನು ಬಹುತೇಕ ಸರಿಯಾಗಿ ಗುರುತಿಸಿತು. ನನ್ನಂಥವರಿಗೆ ಇದು ತಲೆತಗ್ಗಿಸುವ ವಿಷಯ, ಏಕೆಂದರೆ ಎಷ್ಟೇ ಅನುಭವವಿರುವ ನೇತ್ರತಜ್ಞರಿಗೂ ಅಕ್ಷಿಪಟಲ ನೋಡಿ ಗಂಡು ಹೆಣ್ಣು ಹೇಳಲು ಬರುವುದಿಲ್ಲ. ಆದರೆ ಹೃದಯದ ವಿಷಯಕ್ಕೆ ಬಂದರೆ ಲೆಕ್ಕ ಹೀಗಿದೆ: ಮುಂದೆ ಹೃದಯಾಘಾತದಂಥ ದೊಡ್ಡ ತೊಂದರೆ ಆದವರೊಬ್ಬರು, ಆಗದವರೊಬ್ಬರು, ಇವರಿಬ್ಬರ ಚಿತ್ರ ಕೊಟ್ಟರೆ ಯಾರಿಗೆ ಅಪಾಯ ಹೆಚ್ಚು ಎಂಬುದನ್ನು ಅದು ಹತ್ತರಲ್ಲಿ ಏಳು ಸಲ ಸರಿಯಾಗಿ ಹೇಳಿತು. ವಯಸ್ಸು, ರಕ್ತದೊತ್ತಡ, ಬೀಡಿ ಸಿಗರೇಟಿನ ಅಭ್ಯಾಸ, ಕೊಲೆಸ್ಟ್ರಾಲ್ ಕೇಳಿ ವೈದ್ಯರು ಹಾಕುವ ಹಳೆಯ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ ಹೇಳುತ್ತದೆ. ಹಾಗಾಗಿ ಎದೆನೋವು ಬಂದವರು ಕಣ್ಣಿನ ಫೋಟೊ ತೆಗೆಸಿಕೊಂಡು ಕೂರಬಾರದು.

ಕಂಪ್ಯೂಟರ್ ನಿಜವಾಗಿ ಉಪಯೋಗಕ್ಕೆ ಬಂದಿರುವುದು ಸಕ್ಕರೆಯ ತೊಂದರೆ ಹುಡುಕುವುದರಲ್ಲಿ. ವೈದ್ಯರ ನೆರವಿಲ್ಲದೆ ತಾನೇ ತೀರ್ಪು ಹೇಳುವ ಅಂಥ ಮೊದಲ ವ್ಯವಸ್ಥೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಏಪ್ರಿಲ್‌ನಲ್ಲಿ ಅನುಮತಿ ಕೊಟ್ಟಿತು. ನೇತ್ರತಜ್ಞರು ಸಿಗದ ಕಡೆ ಇದು ದೊಡ್ಡ ಆಸರೆ, ನಾನು ಇದರ ಪರ. ಒಂದೇ ಎಚ್ಚರ: ಅದಕ್ಕೆ ಏನನ್ನು ಹುಡುಕಲು ಕಲಿಸಿದ್ದಾರೋ ಅದನ್ನು ಮಾತ್ರ ಹುಡುಕುತ್ತದೆ. ಸಕ್ಕರೆಯ ತೊಂದರೆ ಇಲ್ಲ ಎಂದರೆ ಗ್ಲಾಕೋಮಾ ಇಲ್ಲ ಎಂದಾಗಲಿಲ್ಲ. ಲೆಕ್ಕದ ಯಂತ್ರದ ಬ್ಯಾಬೇಜ್ ಕಣ್ಣಿನೊಳಗೆ ಇಣುಕಲು ಹೊರಟು ನೂರೆಪ್ಪತ್ತು ವರ್ಷಗಳ ಮೇಲೆ ಲೆಕ್ಕದ ಯಂತ್ರವೇ ಒಳಗೆ ಇಣುಕಿತು ಎನ್ನುವುದನ್ನು ಮಗನಿಗೆ ಹೇಳಿ, ಇಷ್ಟವಾಗಬಹುದು.

ಬರೀ ಫೋಟೊ ಸಾಲದೇ ಎಂದು ಕೇಳಿದ್ದೀರಿ. ವರ್ಷಕ್ಕೊಮ್ಮೆ ಸಕ್ಕರೆಯ ತೊಂದರೆ ಇದೆಯೋ ಇಲ್ಲವೋ ಎಂದು ಜರಡಿ ಹಿಡಿಯಲು ಒಳ್ಳೆಯ ಫೋಟೊ ಸಾಕು, ಅದನ್ನು ನೋಡಿ ಹೇಳಲು ತಿಳಿದವರಿರಬೇಕು. ಆದರೆ ಸಾಮಾನ್ಯ ಕ್ಯಾಮೆರಾ ಒಂದು ಸಲಕ್ಕೆ ಹಿಡಿಯುವುದು 45 ಡಿಗ್ರಿಯಷ್ಟು ನಡುಭಾಗವನ್ನು. ಅಂಚಿನ ತೂತು, ಹರಕು ಅದರಲ್ಲಿ ಬಾರವು. ಕಣ್ಣಿಗೆ ಪೊರೆ ಬಂದಿದ್ದರೆ, ಪಾಪೆ ಸಣ್ಣದಿದ್ದರೆ ಚಿತ್ರ ಮಂಜಾಗುತ್ತದೆ. ‘ಚಿತ್ರ ಸ್ಪಷ್ಟವಿಲ್ಲ’ ಎಂದರೆ ‘ತೊಂದರೆ ಇಲ್ಲ’ ಎಂದು ಅರ್ಥವಲ್ಲ; ಆಗ ಔಷಧಿ ಹಾಕಿಯೇ ನೋಡಬೇಕು. ನೀವು ಎಂಟು ವರ್ಷ ಒಮ್ಮೆಯೂ ನೋಡಿಸಿಲ್ಲದ ಕಾರಣ ಮೊದಲ ಸಲ ಪಾಪೆ ಹಿಗ್ಗಿಸಿಯೇ ನೋಡಿಸಿಕೊಳ್ಳಿ ಎನ್ನುವುದು ನನ್ನ ಅಭಿಪ್ರಾಯ.

ಅದರಲ್ಲಿ ಹೆದರುವಂಥದ್ದು ಕಡಿಮೆ. ಮೊದಲು ದೃಷ್ಟಿ ಮತ್ತು ಕಣ್ಣಿನ ಒತ್ತಡ ಅಳೆಯುತ್ತಾರೆ, ಕಣ್ಣಿನ ಮುಂಭಾಗ ನೋಡುತ್ತಾರೆ. ಆಮೇಲೆ ಟ್ರೋಪಿಕಮೈಡ್ ಎಂಬ ಹನಿ ಹಾಕುತ್ತಾರೆ, ಜೊತೆಗೆ ಫಿನೈಲೆಫ್ರಿನ್ ಇರಬಹುದು. ಹಾಕಿದಾಗ ಕ್ಷಣಕಾಲ ಚುರುಗುಟ್ಟುತ್ತದೆ. ಇಪ್ಪತ್ತರಿಂದ ಮೂವತ್ತು ನಿಮಿಷದಲ್ಲಿ ಪಾಪೆ ಹಿಗ್ಗುತ್ತದೆ. ಕಡುಕಂದು ಕಣ್ಣಿನವರಲ್ಲಿ ಇನ್ನೂ ಸ್ವಲ್ಪ ತಡವಾಗಿ, ಎರಡು ಮೂರು ಸಲ ಹಾಕಬೇಕಾಗಬಹುದು. ನಂತರ ವೈದ್ಯರು ಸ್ಲಿಟ್ ಲ್ಯಾಂಪ್ ಎಂಬ ಯಂತ್ರದ ಮುಂದೆ ಗದ್ದವಿಡಲು ಹೇಳಿ ಕಣ್ಣಿನೆದುರು ಚಿಕ್ಕ ಮಸೂರ ಹಿಡಿದು ನೋಡಬಹುದು, ಅಥವಾ ತಲೆಗೆ ದೀಪ ಕಟ್ಟಿಕೊಂಡು ಕೈಯಲ್ಲಿ ದೊಡ್ಡ ಮಸೂರ ಹಿಡಿದು ‘ಮೇಲೆ ನೋಡಿ, ಎಡಕ್ಕೆ ನೋಡಿ’ ಎನ್ನಬಹುದು. ಇವುಗಳಲ್ಲಿ ನಮಗೆ ಎಲ್ಲವೂ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಕಾಣುತ್ತದೆ. ಓದುವ ಕಾಲದಲ್ಲಿ ಇದನ್ನು ಮನಸ್ಸಿನಲ್ಲೇ ತಿರುಗಿಸಿ ಬರೆಯಲು ಕಲಿಯುವಷ್ಟರಲ್ಲಿ ಸಾಕುಸಾಕಾಗಿತ್ತು. ವೈದ್ಯರ ಜೇಬಿನಲ್ಲಿರುವ ಪುಟ್ಟ ಕೈದೀಪದಂಥ ಉಪಕರಣ ಹದಿನೈದು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಆದರೆ ಬೀಗದ ಕಿಂಡಿಯಿಂದ ಕೋಣೆ ನೋಡಿದಷ್ಟು ಜಾಗ ಮಾತ್ರ. ಮ್ಯಾಕ್ಯುಲಾದಲ್ಲಿ ನೀರು ತುಂಬಿದೆಯೇ ಎಂಬ ಅನುಮಾನ ಬಂದರೆ ಓ.ಸಿ.ಟಿ. ಎಂಬ ಸ್ಕ್ಯಾನ್ ಮಾಡುತ್ತಾರೆ. 1991ರಲ್ಲಿ ಬೆಳಕಿಗೆ ಬಂದ ಈ ವಿಧಾನ ಬೆಳಕಿನಿಂದಲೇ ಅಕ್ಷಿಪಟಲದ ಪದರಪದರವನ್ನು ಸೀಳಿ ನೋಡಿದಂತೆ ತೋರಿಸುತ್ತದೆ. ಇವುಗಳಲ್ಲಿ ಯಾವುದರಲ್ಲೂ ಎಕ್ಸ್ ರೇ ಇಲ್ಲ.

ಹನಿಯ ಪರಿಣಾಮ ನಾಲ್ಕರಿಂದ ಆರು ಗಂಟೆ ಇರುತ್ತದೆ. ಅಷ್ಟು ಹೊತ್ತು ಹತ್ತಿರದ್ದು ಓದಲಾಗುವುದಿಲ್ಲ, ಬಿಸಿಲು ಕುಕ್ಕುತ್ತದೆ. ಜೊತೆಗೊಬ್ಬರನ್ನು ಕರೆದೊಯ್ಯಿರಿ, ವಾಹನ ಓಡಿಸಬೇಡಿ, ತಂಪು ಕನ್ನಡಕ ಇಟ್ಟುಕೊಳ್ಳಿ. ಕಣ್ಣಿನ ಮುಂಭಾಗದ ಕೋನ ಬಹಳ ಇಕ್ಕಟ್ಟಾಗಿರುವ ಅಪರೂಪದ ಕೆಲವರಲ್ಲಿ ಪಾಪೆ ಹಿಗ್ಗಿದಾಗ ಕಣ್ಣಿನೊಳಗಿನ ಒತ್ತಡ ಥಟ್ಟನೆ ಏರಬಹುದು. ಹನಿ ಹಾಕುವ ಮೊದಲು ಮುಂಭಾಗ ನೋಡುವುದು ಅದಕ್ಕೇ. ಮನೆಗೆ ಹೋದ ಮೇಲೆ ತೀವ್ರ ಕಣ್ಣುನೋವು, ಕೆಂಪು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಬೆಳಗಾಗಲಿ ಎಂದು ಕಾಯದೆ ಮರಳಿ ಹೋಗಬೇಕು. ನನ್ನ ಇಷ್ಟು ವರ್ಷದ ವೃತ್ತಿಯಲ್ಲಿ ಹಾಗಾದದ್ದನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ನೀವು ಬಿ.ಪಿ. ಮಾತ್ರೆ ನುಂಗುತ್ತಿರುವುದನ್ನು ಮಾತ್ರ ಹನಿ ಹಾಕುವವರಿಗೆ ಮೊದಲೇ ಹೇಳಿ.

ಪರೀಕ್ಷೆಯಾದ ಮೇಲೆ ‘ನಾರ್ಮಲ್’ ಎಂಬ ಒಂದು ಮಾತಿಗೆ ತೃಪ್ತರಾಗಿ ಬರಬೇಡಿ. ಬಲಗಣ್ಣು, ಎಡಗಣ್ಣು ಬೇರೆ ಬೇರೆಯಾಗಿ ಬರೆಸಿಕೊಳ್ಳಿ: ಸಕ್ಕರೆಯ ತೊಂದರೆ ಇದೆಯೇ, ಇದ್ದರೆ ಯಾವ ಹಂತ, ಮ್ಯಾಕ್ಯುಲಾದಲ್ಲಿ ಊತವಿದೆಯೇ, ತಟ್ಟೆ ಹೇಗಿದೆ, ಮುಂದಿನ ಸಲ ಯಾವಾಗ. ಆ ಹಾಳೆಯ ಒಂದು ಪ್ರತಿ ನಿಮ್ಮ ಸಕ್ಕರೆಯ ವೈದ್ಯರಿಗೂ ತಲುಪಬೇಕು. ಏನೂ ಇಲ್ಲದಿದ್ದರೆ ಒಂದು ವರ್ಷ ನಿಶ್ಚಿಂತೆ. ಆರಂಭದ ಚುಕ್ಕೆಗಳಿದ್ದರೂ ಹೆಚ್ಚಿನ ಸಲ ಬೇಕಾಗುವುದು ಸಕ್ಕರೆ ಮತ್ತು ರಕ್ತದೊತ್ತಡದ ಇನ್ನೂ ಬಿಗಿಯಾದ ಹತೋಟಿ, ಸ್ವಲ್ಪ ಬೇಗಬೇಗ ತಪಾಸಣೆ, ಕಣ್ಣಿಗೆ ಚಿಕಿತ್ಸೆಯಲ್ಲ.

ಇನ್ನು ನಿಮ್ಮ ತಂಗಿ. ತೊಂದರೆ ಇಲ್ಲದವರೂ ನಲವತ್ತರ ಸುಮಾರಿಗೆ ಒಮ್ಮೆ ಪೂರ್ತಿ ಕಣ್ಣು ನೋಡಿಸಿಕೊಂಡಿರುವುದು ಒಳ್ಳೆಯದು. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ, ದೂರದ್ದು ಕಾಣಲು ದಪ್ಪ ಮೈನಸ್ ಗಾಜು ಹಾಕುವವರಾದರೆ, ಸ್ಟಿರಾಯ್ಡ್ ಔಷಧಿಯನ್ನು ಬಹುಕಾಲ ಬಳಸಿದ್ದರೆ ಇನ್ನೂ ಮೊದಲೇ. ಒಂದು ಸಂದರ್ಭದಲ್ಲಿ ಮಾತ್ರ ವಯಸ್ಸು ಕಾಯಿಲೆ ಯಾವುದನ್ನೂ ಲೆಕ್ಕಿಸದೆ ಅಂದೇ ಹೋಗಬೇಕು: ಕಣ್ಣ ಮುಂದೆ ಇದ್ದಕ್ಕಿದ್ದಂತೆ ಕಪ್ಪು ನೂಲು, ನೊಣಗಳಂಥ ಚುಕ್ಕೆಗಳು ಹೆಚ್ಚಿದರೆ, ಕತ್ತಲಲ್ಲಿ ಮಿಂಚಿದಂತಾದರೆ, ನೋಟದ ಒಂದು ಬದಿಯಿಂದ ಪರದೆ ಇಳಿದಂತೆ ಕಂಡರೆ ಅಕ್ಷಿಪಟಲ ಹರಿದು ಕಳಚುತ್ತಿರಬಹುದು. ನೋವಿಲ್ಲದೆ ಒಂದು ಕಣ್ಣು ಥಟ್ಟನೆ ಕತ್ತಲಾದರೆ ಅದನ್ನು ಪಾರ್ಶ್ವವಾಯುವಿನಷ್ಟೇ ತುರ್ತು ಎಂದು ತಿಳಿಯಿರಿ, ಅಕ್ಷಿಪಟಲದ ಮುಖ್ಯ ನಾಳ ಮುಚ್ಚಿಕೊಂಡಿರಬಹುದು.

ತಂಗಿಗೆ ಸಕ್ಕರೆ ಇಲ್ಲ ಎಂದು ಬರೆದಿದ್ದೀರಿ. ಆಕೆ ಕೊನೆಯ ಸಲ ರಕ್ತಪರೀಕ್ಷೆ ಮಾಡಿಸಿದ್ದು ಯಾವಾಗ ಎಂದು ಬರೆದಿಲ್ಲ. ಒಡಹುಟ್ಟಿದವರಿಗೆ ಇದ್ದರೆ ನಮಗೆ ಬರುವ ಸಾಧ್ಯತೆಯೂ ಹೆಚ್ಚು. ಕಣ್ಣಿನ ವೈದ್ಯರ ಬಳಿ ಇಬ್ಬರೂ ಒಟ್ಟಿಗೇ ಹೋಗುವುದಾದರೆ, ಹೋಗುವ ಮೊದಲು ಆಕೆಯ ಸಕ್ಕರೆಯನ್ನು ಒಮ್ಮೆ ನೋಡಿಸಿಬಿಡಿ.